ಬಸಳೆಗೆ ಚಪ್ಪರ ಬೇಕೇ ಬೇಕಾ ಅಂತ ಕೇಳಿದವರಿಗೆ

ಹೊಸದಾಗಿ ಹಳ್ಳಿ ಮನೆ ಸೇರಿದೀವಿ, ಬಸಳೆ ಬೀಜ ಹಾಕೋದಾ ದಂಟು ನೆಡೋದಾ, ಚಪ್ಪರ ಬೇಕಾ ಅಂತ ಕೇಳಿದ್ರಲ್ಲ. ದಂಟೇ ನೆಡಿ, ಬೇಗ ಹಿಡಿಯತ್ತೆ. ಬಲಿತ ದಂಟನ್ನ ಗೇಣುದ್ದ ಕತ್ತರಿಸಿ ಎರಡು ಗಂಟು ಮಣ್ಣೊಳಗೆ ಹೋಗೋ ಹಾಗೆ ಊರಿ, ಬುಡಕ್ಕೆ ಹಟ್ಟಿಗೊಬ್ಬರ ಹಾಕಿ ತರಗೆಲೆ ಮುಚ್ಚಿ, ದಿನಾ ನೀರು ಬೇಕು ಆದ್ರೆ ಬುಡದಲ್ಲಿ ನೀರು ನಿಲ್ಲಬಾರದು. ಜೋರು ಮಳೆಲಿ ಮಾತ್ರ ನೆಡಬೇಡಿ, ಎಲೆ ತುಂಬ ಕೆಂಪು ಚುಕ್ಕೆ ಬೀಳತ್ತೆ, ನಮ್ಮ ಕರಾವಳಿ ಕಡೆ ಮಳೆ ಬಿಟ್ಟ ಮೇಲೇ ನೆಡೋದು.

ಚಪ್ಪರ ಹಾಕಿ ಅಂತಾನೇ ನಾನು ಹೇಳೋದು. ನೆಲದ ಮೇಲೆ ಬಿಟ್ರೂ ಬೆಳೆಯತ್ತೆ, ಆದ್ರೆ ಮಣ್ಣು ಸಿಡಿದು ಎಲೆ ಕೊಳೆಯತ್ತೆ. ಎದೆಮಟ್ಟಕ್ಕೆ ನಾಲ್ಕು ಗೂಟ, ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಅಡ್ಡಡ್ಡ ಇಟ್ಟು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ರೆ ಆಯ್ತು, ವೈರ್ ಬೇಡ, ಎಳೆ ದಂಟು ಕೊಯ್ದುಬಿಡತ್ತೆ. ನಾವೇ ಕಟ್ಟಿದ ಚಪ್ಪರಕ್ಕೆ ಮೊದಲ ಕುಡಿ ಸುತ್ತಿಕೊಳ್ಳೋದು ನೋಡೋ ಖುಷಿನೇ ಬೇರೆ!

ಕೊಯ್ಯುವಾಗ ಎಲೆ ಒಂದೊಂದೇ ಕೀಳ್ಬೇಡಿ, ದಂಟು ಸಮೇತ ಕತ್ತರಿಸಿ, ಕೆಳಗಿನ ಗಂಟಿಂದ ಮತ್ತೆ ಕವಲು ಬರತ್ತೆ. ಬೇಸಿಗೆಲಿ ಹಲಸಿನ ಬೀಜ ಸಿಗೋ ಹೊತ್ತಿಗೆ ಚಪ್ಪರ ತುಂಬಿರತ್ತೆ, ಎರಡೂ ಸೇರಿಸಿ ಕಾಯಿ ಮಸಾಲೆ ಅರೆದು ಹಾಕಿ ಪದಾರ್ಥ (ಸಾಂಬಾರಿನ ಥರದ್ದು) ಮಾಡಿ ನೋಡಿ.