ತುಮಕೂರಿನಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಡಬಹುದಾ?

ಪ್ರಶ್ನೆ: ತುಮಕೂರಿನಲ್ಲಿ ಸ್ವಂತ ಮನೆ ಇದೆ, ಅತ್ತೆ-ಮಾವ, ಯುಕೆಜಿ ಓದುವ ಮಗ ಇದ್ದಾರೆ. ವೈಟ್‌ಫೀಲ್ಡ್‌ನಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ರೈಲು, ಮೆಟ್ರೋ ಎರಡೂ ಇವೆಯಲ್ಲ, ದಿನಾ ಹೋಗಿ ಬರಬಹುದಾ?

ಉತ್ತರ: ವಾರದಲ್ಲಿ ಐದೂ ದಿನ ಅಂದರೆ ಬೇಡಿ. ತುಮಕೂರು–ಬೆಂಗಳೂರು ಸುಮಾರು 70 ಕಿ.ಮೀ., ಪಾಸ್ ಮಾಡಿಸಿಕೊಂಡು ದಿನಾ ರೈಲಲ್ಲಿ ಓಡಾಡುವವರು ಸಾಕಷ್ಟು ಜನ ಇದ್ದಾರೆ, ನಿಜ. ಆದರೆ ಅದು ಚೆನ್ನಾಗಿ ಹೊಂದುವುದು ಯಶವಂತಪುರ, ಮೆಜೆಸ್ಟಿಕ್ ಸುತ್ತಮುತ್ತ ಆಫೀಸು ಇರುವವರಿಗೆ. ನೀವು ಅಲ್ಲಿಂದ ಮುಂದೆ ಅರ್ಧ ಊರು ದಾಟಬೇಕು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್‌ವರೆಗೂ ನೇರವಾಗಿ ಓಡುತ್ತಿದೆ, ಆದರೂ ಅದಕ್ಕೇ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಮನೆಯಿಂದ ಸ್ಟೇಷನ್‌ಗೆ ಆಟೋ, ರೈಲಿಗೆ ಕಾಯುವುದು, ಮೆಟ್ರೋದ ಕ್ಯೂ, ಇಳಿದ ಮೇಲೆ ಆಫೀಸಿಗೆ ನಡಿಗೆ ಎಲ್ಲ ಸೇರಿಸಿ ನೋಡಿ, ಒಂದು ಕಡೆಗೇ ಮೂರು ಗಂಟೆ ಆಗುತ್ತದೆ. ಮಗ ಏಳುವ ಮೊದಲೇ ಹೊರಟು ಅವನು ಮಲಗಿದ ಮೇಲೆ ಬರುವ ಹಾಗಾಗುತ್ತದೆ, ಅಲ್ವಾ? ಸಂಬಳ ಎಷ್ಟೇ ಜಾಸ್ತಿ ಇರಲಿ, ನನಗದು ಸರಿ ಕಾಣುವುದಿಲ್ಲ.

ನನ್ನ ಪ್ರಕಾರ ದಿನಾ ಓಡಾಡಲು ಒಂದು ಕಡೆಗೆ ಮಿತಿ ಇಷ್ಟೇ: ಕೂರಲು ಸೀಟು ಸಿಕ್ಕರೆ ಒಂದೂವರೆ ಗಂಟೆ, ನಿಂತೇ ಹೋಗಬೇಕಾದರೆ ಒಂದು ಗಂಟೆ. ವಾರಕ್ಕೆ ಎರಡೇ ದಿನ ಆಫೀಸು ಅಂತ ಎಚ್‌ಆರ್ ಬರೆದು ಕೊಟ್ಟರೆ ಧೈರ್ಯವಾಗಿ ಸೇರಿ, ಬಾಯಿಮಾತು ಸಾಲದು. ಸಹಿ ಹಾಕುವ ಮುಂಚೆ ಒಂದು ಸೋಮವಾರ ಆಫೀಸ್ ಟೈಮಿಗೇ ಹೋಗಿ, ಸಂಜೆ ವಾಪಸ್ ಬಂದು ನೋಡಿ.