ಒಂದೇ ಫ್ರಿಜ್‌ಗೆ ಕಾರ್ಡಿನಲ್ಲಿ ಎರಡು ಸಲ ದುಡ್ಡು ಹೋಗಿದೆ, ಬಿಲ್ ಕಟ್ಟಬೇಕಾ?

ಅಂಗಡಿಯಲ್ಲಿ ಫ್ರಿಜ್‌ಗೆ ಕೊಟ್ಟ 24,500 ರೂಪಾಯಿ ಕ್ರೆಡಿಟ್ ಕಾರ್ಡ್ ಬಿಲ್‌ನಲ್ಲಿ ಎರಡು ಸಲ ಬಂದಿದೆ, ಕಸ್ಟಮರ್ ಕೇರ್‌ನವರು ‘ಮೊದಲು ಪೂರ್ತಿ ಕಟ್ಟಿ’ ಅನ್ನುತ್ತಿದ್ದಾರೆ. ನಿಮ್ಮ ತೊಂದರೆ ಇದೇ ಅಲ್ವಾ?

ನನಗೂ ಹೀಗೇ ಆಗಿತ್ತು. ಹುಬ್ಬಳ್ಳಿಯಲ್ಲಿ ವಾಷಿಂಗ್ ಮಷೀನ್ ಕೊಂಡಾಗ ಮೊದಲ ಸಲ ಕಾರ್ಡ್ ಉಜ್ಜಿದರೆ ‘ಡಿಕ್ಲೈನ್’ ಅಂತ ಬಂತು. ಮತ್ತೆ ಉಜ್ಜಿದರು. ಬಿಲ್‌ನಲ್ಲಿ ನೋಡಿದರೆ ಎರಡೂ ಇದ್ದವು. ಮೂರು ವಾರ ಬರೀ ಫೋನ್‌ನಲ್ಲೇ ಜಗಳವಾಡಿದೆ. ಪ್ರತಿ ಸಲ ಬೇರೆಯವರು ಮಾತಾಡುತ್ತಿದ್ದರು, ಪ್ರತಿ ಸಲ ಕಥೆ ಮೊದಲಿಂದ ಹೇಳಬೇಕು. ಅದರಿಂದ ಏನೂ ಆಗಲಿಲ್ಲ. ನೀವು ಹಾಗೆ ಮಾಡಬೇಡಿ. ಇವತ್ತೇ ಇ-ಮೇಲ್ ಹಾಕಿ, ದೂರಿನ ನಂಬರ್ ತಗೊಳ್ಳಿ. ಕಾರ್ಡುಗಳ ಬಗ್ಗೆ ಆರ್‌ಬಿಐ ನಿಯಮದ ಪ್ರಕಾರ, ಗ್ರಾಹಕ ಬಿಲ್ ತಪ್ಪು ಅಂದರೆ ಬ್ಯಾಂಕ್ 30 ದಿನದೊಳಗೆ ವಿವರಣೆ ಕೊಡಬೇಕು, ಬೇಕಾದಲ್ಲಿ ದಾಖಲೆಯನ್ನೂ ಕೊಡಬೇಕು. ಆ ಲೆಕ್ಕ ಶುರುವಾಗಿದ್ದು ಯಾವತ್ತು ಅಂತ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರಬೇಕು.

ಇ-ಮೇಲ್ ಚಿಕ್ಕದಾಗಿರಲಿ. ದಿನಾಂಕ, ಮೊತ್ತ, ಎರಡೂ ವ್ಯವಹಾರದ ರೆಫರೆನ್ಸ್ ನಂಬರ್, ಅಂಗಡಿಯ ಬಿಲ್, ಮಷೀನ್‌ನಿಂದ ಬಂದ ಚೀಟಿ. ‘ಡಿಕ್ಲೈನ್’ ಚೀಟಿ ಇದ್ದರೆ ಅದಂತೂ ಚಿನ್ನ. ಚಾರ್ಜ್‌ಬ್ಯಾಕ್ ಮಾಡಿ, ಅಂದರೆ ಅಂಗಡಿಯ ಬ್ಯಾಂಕಿನಿಂದ ದುಡ್ಡು ವಾಪಸ್ ತರಿಸಿ, ಅಂತ ಸ್ಪಷ್ಟವಾಗಿ ಬರೆಯಿರಿ. ಅದಕ್ಕೆ ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮ್ ಇರುತ್ತದೆ, ತುಂಬಿ ಕಳಿಸಿ. ಚಾರ್ಜ್‌ಬ್ಯಾಕ್‌ಗೂ ಗಡುವು ಉಂಟು, ಆದ್ದರಿಂದ ತಡ ಮಾಡಬೇಡಿ.

ಇನ್ನೊಂದು ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ: ಅಂಗಡಿಗೆ ಹೋಗಿ. ಆ ದಿನ ಸಂಜೆ ಮಷೀನ್ ಲೆಕ್ಕ ಮುಗಿಸಿದ ಸೆಟ್ಲ್‌ಮೆಂಟ್ ಚೀಟಿ ಅವರ ಹತ್ತಿರ ಇರುತ್ತದೆ. ಅದರಲ್ಲಿ ನಿಮ್ಮ ದುಡ್ಡು ಒಂದೇ ಸಲ ಇದ್ದರೆ, ‘ನಮಗೆ ಒಂದೇ ಸಲ ಬಂದಿದೆ’ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿ, ಸೀಲ್ ಹಾಕಿಸಿ. ಎರಡು ಸಲ ಬಂದಿದ್ದರೆ ಅವರೇ ಮಷೀನ್‌ನಿಂದ ಅದೇ ಕಾರ್ಡಿಗೆ ವಾಪಸ್ ಕಳಿಸಬಹುದು. ನನ್ನ ಕೇಸ್ ಬಗೆಹರಿದದ್ದು ಆ ಒಂದು ಹಾಳೆಯಿಂದ. ಅಂಗಡಿಯವರು ಪಾಪ, ಹತ್ತು ನಿಮಿಷದಲ್ಲಿ ಬರೆದುಕೊಟ್ಟರು.

ಈಗ ಬಿಲ್ ವಿಷಯ. ವಂಚನೆ ಅಂತ ದೂರು ಕೊಟ್ಟ ವ್ಯವಹಾರಕ್ಕೆ, ತೀರ್ಮಾನ ಆಗುವವರೆಗೆ ಬ್ಯಾಂಕ್ ಶುಲ್ಕ ಹಾಕುವಂತಿಲ್ಲ. ನಿಮ್ಮದು ವಂಚನೆ ಅಲ್ಲ, ಎರಡು ಸಲ ಕಡಿತ. ಹಾಗಾಗಿ ಆ ರಕ್ಷಣೆಯನ್ನು ನಂಬಿ ಕೂರಬೇಡಿ. ತಕರಾರಿನ 24,500ನ್ನು ತಡೆಹಿಡಿಯಿರಿ ಅಂತ ಕೇಳಿ. ಅವರು ಬರಹದಲ್ಲಿ ಒಪ್ಪಿದರೆ ಉಳಿದದ್ದನ್ನು ಮಾತ್ರ ಕಟ್ಟಿ. ಒಪ್ಪದಿದ್ದರೆ, ಕೈಯಲ್ಲಿ ದುಡ್ಡಿದ್ದರೆ, ಪೂರ್ತಿ ಕಟ್ಟುವುದೇ ಮೇಲು. ಬಾಕಿ ಉಳಿದರೆ ಹೊಸ ಖರೀದಿಗೂ ಬಡ್ಡಿ ಬೀಳುತ್ತದೆ, ಹಲವು ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ 3ಕ್ಕಿಂತ ಜಾಸ್ತಿ. ‘ತಕರಾರು ಹಾಗೇ ಇದೆ, ಬಡ್ಡಿ ಬೀಳಬಾರದು ಅಂತ ಕಟ್ಟುತ್ತಿದ್ದೇನೆ’ ಎಂದು ಅದೇ ಇ-ಮೇಲ್‌ನಲ್ಲಿ ಬರೆಯಿರಿ.

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಿ. ಆರ್‌ಬಿಐನ ದೂರಿನ ವೆಬ್‌ಸೈಟ್ ಆದ ಸಿಎಂಎಸ್ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಖರ್ಚಿಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ದೂರು ಹೇಗೆ ಹಾಕುವುದು ಅಂತ ಹೇಳುತ್ತಾರೆ.

ಬಿಲ್ ಕಟ್ಟಲು ಕೊನೆಯ ದಿನ ಯಾವತ್ತು ಅಂತ ನೀವು ಬರೆದಿಲ್ಲ. ಎರಡು ಮೂರು ದಿನ ಮಾತ್ರ ಉಳಿದಿದ್ದರೆ ಇವತ್ತು ಇ-ಮೇಲ್, ನಾಳೆ ಬೆಳಿಗ್ಗೆ ಅಂಗಡಿ.