ಗೇಟು ತೆಗೆದರು, ಗೇಟಿನ ಆಚೆ ಯಾರು?

ಪ್ರಿಯ ಓದುಗರೇ,

ದಕ್ಷಿಣ ಸುಡಾನ್ ಬಗ್ಗೆ ನಮ್ಮ ಲೇಖನ ಓದಿ ನೀವು ಸಿಟ್ಟಿನಿಂದ ಪತ್ರ ಬರೆದಿದ್ದೀರಿ. "ಜನ ಸಾಯುತ್ತಿದ್ದರೂ ನೀಲಿ ಟೋಪಿಯವರು (ವಿಶ್ವಸಂಸ್ಥೆಯ ಶಾಂತಿಪಡೆಯವರು) ನೋಡುತ್ತಾ ನಿಲ್ಲುತ್ತಾರೆ. ಅಲ್ಲಿಗೆ ನಮ್ಮ ಯೋಧರನ್ನು ಸುಮ್ನೆ ಯಾಕೆ ಕಳಿಸಬೇಕು? ವಾಪಸ್ ಕರೆಸಿಕೊಳ್ಳಲಿ" ಎಂದಿದ್ದೀರಿ. ಸಿಟ್ಟು ನ್ಯಾಯವಾದದ್ದೇ. ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್‌ನ ರಾಜಧಾನಿ ಜುಬಾದಲ್ಲಿ ಗುಂಡಿನ ಕಾಳಗ ಶುರುವಾಯಿತು. ಸಾವಿರಾರು ಜನ ವಿಶ್ವಸಂಸ್ಥೆಯ ನೆಲೆಗಳಿಗೆ ಓಡಿ ಬಂದರು. ಅಷ್ಟು ಜನಕ್ಕೆ ಒಳಗೆ ಜಾಗವಿರಲಿಲ್ಲ, ಸಾಕಷ್ಟು ನೀರಿರಲಿಲ್ಲ. ಆದರೂ ಗೇಟು ತೆಗೆದರು. ಬೋರ್, ಮಲಕಾಲ್, ಬೆಂಟಿಯು ಪಟ್ಟಣಗಳಲ್ಲೂ ಹಾಗೇ ಆಯಿತು. ಮುಂದೆ ಒಂದು ಹಂತದಲ್ಲಿ ಆ ಬೇಲಿಗಳ ಒಳಗೆ 2 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಅದೇ ಡಿಸೆಂಬರ್‌ನಲ್ಲಿ ಅಕೋಬೊದ ನೆಲೆಗೆ ನುಗ್ಗಿದವರ ಕೈಯಲ್ಲಿ ಇಬ್ಬರು ಭಾರತೀಯ ಯೋಧರು ಪ್ರಾಣ ಬಿಟ್ಟರು. ಆಶ್ರಯ ಬೇಡಿ ಬಂದ ಜನ ಆ ನೆಲೆಯೊಳಗಿದ್ದರು. ಇವರನ್ನು ನೋಡುತ್ತಾ ನಿಂತವರು ಅನ್ನಲಾದೀತೇ?

ಆದರೆ ಬೇಲಿಯೊಳಗೆ ಅಡುಗೆಗೆ ಸೌದೆ ಸಿಗುವುದಿಲ್ಲ. ಅದಕ್ಕಾಗಿ ಹೊರಗೆ ಹೋಗಲೇಬೇಕು. ಗಂಡಸರು ಹೋದರೆ ಕೊಲ್ಲುತ್ತಾರೆಂಬ ಭಯ, ಹಾಗಾಗಿ ಹೆಂಗಸರು ಹೋಗುತ್ತಾರೆ. ದಾರಿಯಲ್ಲಿ ಅವರ ಮೇಲೆ ಅತ್ಯಾಚಾರ ನಡೆಯುತ್ತದೆ. ಮನೆಯವರೆಲ್ಲ ಕೂತು ಯಾರು ಹೋಗಬೇಕೆಂದು ತೀರ್ಮಾನಿಸಬೇಕಾದ ಸ್ಥಿತಿ ಯಾವ ಮನೆಗೂ ಬರಬಾರದು. 2018ರ ಕೊನೆಯಲ್ಲಿ ಬೆಂಟಿಯು ರಸ್ತೆಯಲ್ಲಿ ಇಂಥ ದಾಳಿಗಳು ವಿಪರೀತವಾದವು. ಶಾಂತಿಪಡೆ ಗಸ್ತು ಹೆಚ್ಚಿಸಿತು. ದಾಳಿಕೋರರು ಅಡಗದಂತೆ ರಸ್ತೆಬದಿಯ ಪೊದೆಗಳನ್ನೂ ತೆಗೆಸಿತು. ಸಣ್ಣ ಕೆಲಸ ಅನಿಸಬಹುದು. ನನ್ನ ಪ್ರಕಾರ ರಕ್ಷಣೆ ಅಂದರೆ ಇದೇ.

ನೀವು ಹೇಳುವ ವೈಫಲ್ಯವೂ ಸುಳ್ಳಲ್ಲ. 2016ರ ಫೆಬ್ರವರಿಯಲ್ಲಿ ಮಲಕಾಲ್ ಶಿಬಿರಕ್ಕೆ ಬಂದೂಕುಧಾರಿಗಳು ನುಗ್ಗಿ ಬೆಂಕಿ ಹಚ್ಚಿದರು. ಸುಮಾರು 30 ಜನ ಸತ್ತರು. ಶಾಂತಿಪಡೆಯ ಕೆಲವರು ಕಾವಲು ಬಿಟ್ಟು ಹೋದರು, ಕೆಲವರು ಎದುರಿಸಲು ಒಪ್ಪಲಿಲ್ಲ ಎಂದು ವಿಶ್ವಸಂಸ್ಥೆಯೇ ಒಪ್ಪಿಕೊಂಡಿತು. ಜನರನ್ನು ಕಾಪಾಡಲು ಗುಂಡು ಹಾರಿಸುವ ಅಧಿಕಾರ ಅವರಿಗೆ ಇತ್ತು. ಇಂಥ ಕಡೆ ತೊಡಕು ಬೇರೆಯೇ ಇರುತ್ತದೆ. ಸೈನಿಕನಿಗೆ ಅಪ್ಪಣೆ ಎರಡು ಕಡೆಯಿಂದ: ವಿಶ್ವಸಂಸ್ಥೆಯ ಕಮಾಂಡರ್ ಒಬ್ಬ, ರಾಜಧಾನಿಯಲ್ಲಿ ಕೂತ ತನ್ನ ದೇಶದ ಸರ್ಕಾರ ಇನ್ನೊಂದು. ರಾಜಧಾನಿಯಿಂದ ಮಾತು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇನ್ನು ನಮ್ಮ ಯೋಧರ ವಾಪಸಾತಿಯ ಮಾತು. ಮನೆ ಬಿಟ್ಟು ಓಡಿದರೂ ತಮ್ಮ ದೇಶದ ಗಡಿ ದಾಟದವರಿಗೆ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಪ್ಪಂದ ಅನ್ವಯಿಸುವುದಿಲ್ಲ. ಅವರ ಹೊಣೆ ಅವರ ಸರ್ಕಾರದ್ದೇ. ಸರ್ಕಾರಿ ಸೈನಿಕರಿಂದಲೇ ಓಡಿ ಬಂದವರು ಯಾರ ಬಳಿ ಹೋಗಬೇಕು? ಪಕ್ಕದ ಸುಡಾನ್ ದೇಶದ ಡಾರ್ಫರ್ ಪ್ರಾಂತ್ಯದ ಶಾಂತಿಪಡೆಯ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಜಮ್‌ಜಮ್ ಶಿಬಿರಕ್ಕೆ ಅರೆಸೇನಾ ಪಡೆ ನುಗ್ಗಿದಾಗ ಲಕ್ಷಾಂತರ ಜನ ಮತ್ತೆ ಗಂಟುಮೂಟೆ ಕಟ್ಟಿದರು. ಶಾಂತಿಪಡೆ ಇದ್ದಿದ್ದರೆ ತಡೆದೇ ಬಿಡುತ್ತಿತ್ತು ಅಂತ ನಾನು ಹೇಳುವುದಿಲ್ಲ. ಓಡಿ ಹೋಗಿ ತಟ್ಟಲು ಒಂದು ಗೇಟಾದರೂ ಇರುತ್ತಿತ್ತು ಅಲ್ವಾ?

ಶಾಂತಿಪಡೆಗಳು ಜನರನ್ನು ಹೇಗೆ ಕಾಪಾಡಬೇಕು ಎಂದು ಹೇಳುವ 2015ರ ಕಿಗಾಲಿ ತತ್ವಗಳಲ್ಲಿ ಒಂದು ಮಾತಿದೆ: ಜನರನ್ನು ಕಾಪಾಡಲು ಬಲ ಬಳಸಬೇಕಾದಾಗ ಸ್ಥಳದಲ್ಲಿರುವ ಅಧಿಕಾರಿ ರಾಜಧಾನಿಯನ್ನು ಕೇಳುತ್ತಾ ಕೂರಬೇಕಿಲ್ಲ. ಸರ್ಕಾರಕ್ಕೆ ನೀವೊಂದು ಪತ್ರ ಬರೆಯುವುದಾದರೆ, ನಮ್ಮ ಅಧಿಕಾರಿಗಳಿಗೆ ಈ ಸ್ವಾತಂತ್ರ್ಯ ಕೊಟ್ಟಿದ್ದೀರಾ ಎಂದು ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ